ಬೆಲೆ ನೋಡಿ ಬಿತ್ತಬೇಡಿ, ಗಿರಾಕಿ ನೋಡಿ ಬಿತ್ತಿ



ಗಾಂಜಾ ಜಾತಿಯದೇ ಆದರೂ ಅಮಲು ತೀರಾ ಕಡಿಮೆ ಇರುವ ಹೆಂಪ್ ಗಿಡ ಬೆಳೆಯಲು ಅಮೆರಿಕ ದೇಶ 2018ರ ಕೊನೆಯಲ್ಲಿ ಅನುಮತಿ ಕೊಟ್ಟಿತು. ಅದರಿಂದ ತೆಗೆಯುವ ಸಿಬಿಡಿ ಎಣ್ಣೆಗೆ ಆಗ ಒಳ್ಳೇ ಬೆಲೆ. ಕೆಂಟಕಿಯಲ್ಲಿ ತಂಬಾಕು ಬೆಳೆಯುತ್ತಿದ್ದ ಅನೇಕ ರೈತರು 2019ರಲ್ಲಿ ಇದಕ್ಕೆ ಇಳಿದರು. ಎಲ್ಲರೂ ಬೆಳೆದರು, ಅಷ್ಟು ಕೊಳ್ಳುವವರು ಎಲ್ಲಿದ್ದಾರೆ? ವರ್ಷದೊಳಗೆ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಕೊಳ್ಳುವ ಕಂಪನಿಗಳೂ ಕೆಲವು ದಿವಾಳಿಯಾದವು.

ನಮ್ಮಲ್ಲಿ ಗಾಂಜಾ ಬೆಳೆಯುವುದು 1985ರ ಕಾಯ್ದೆ ಪ್ರಕಾರ ಅಪರಾಧ, ಆ ಮಾತೇ ಬೇಡ. ಪಾಠ ಮಾತ್ರ ನಮಗೂ ಬೇಕು. ಉಪ್ಪಿನಕಾಯಿ ಆಗಲಿ, ಅಣಬೆ ಆಗಲಿ, ಸಂಘದಿಂದ ಸಾಲ ಎತ್ತುವ ಮೊದಲು ಕೇಳೋಣ: ಯಾರು ಕೊಳ್ಳುತ್ತಾರೆ? ಎಷ್ಟು ಕೊಳ್ಳುತ್ತಾರೆ? ಪಕ್ಕದ ಸಂಘದವರೂ ಅದನ್ನೇ ಮಾಡಿದರೆ ಬೆಲೆ ಏನಾದೀತು? ಉತ್ತರ ಸಿಕ್ಕಮೇಲೇ ನಿರ್ಣಯ ಬರೆಯೋಣ.