ಗದ್ದುಗೆಯಿಂದ ಇಳಿಸುವ ಕೈ ಯಾರದು?



ಗಿರಣಿಯಲ್ಲಿ ಒಬ್ಬ ಕಾರ್ಮಿಕನನ್ನು ಕೆಲಸದಿಂದ ತೆಗೆಯಬೇಕಾದರೆ ಮಾಲೀಕರು ನೋಟೀಸು ಕೊಡಬೇಕು, ವಿಚಾರಣೆ ನಡೆಸಬೇಕು. ದೇಶದ ಪ್ರಧಾನಮಂತ್ರಿಗೆ ಅಷ್ಟೂ ಇಲ್ಲ. ಸಂವಿಧಾನದ 75ನೆಯ ವಿಧಿಯಂತೆ ಮಂತ್ರಿಮಂಡಲವು ಲೋಕಸಭೆಗೆ ಹೊಣೆ. ಸಭೆಯ ವಿಶ್ವಾಸ ಹೋದ ದಿನ ಕುರ್ಚಿಯೂ ಹೋಯಿತು.

ಆದರೆ ಒಂದು ವಿಚಿತ್ರ ನೋಡಿ. 1963ರಲ್ಲಿ ಆಚಾರ್ಯ ಕೃಪಲಾನಿಯವರು ನೆಹರೂ ಸರ್ಕಾರದ ಮೇಲೆ ಮೊದಲನೆಯ ಅವಿಶ್ವಾಸ ನಿರ್ಣಯ ತಂದರಷ್ಟೆ? ಅಂದಿನಿಂದ ಇಂದಿನವರೆಗೆ ಅಂಥ ಒಂದು ನಿರ್ಣಯವೂ ಲೋಕಸಭೆಯಲ್ಲಿ ಗೆದ್ದಿಲ್ಲ. ಪ್ರಧಾನಿಗಳು ಬಿದ್ದದ್ದು ಬೇರೆ ದಾರಿಗಳಲ್ಲಿ.

ಇಂದಿರಾ ಗಾಂಧಿಯವರನ್ನು ಇಳಿಸಿದ್ದು ಜನ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಅವರ ಆಯ್ಕೆಯನ್ನು ರದ್ದುಮಾಡಿತು. ದಾವೆ ಹೂಡಿದವರು ಸಮಾಜವಾದಿ ರಾಜನಾರಾಯಣರು. ಇಂದಿರಾ ಅವರು ರಾಜೀನಾಮೆ ಕೊಡಲಿಲ್ಲ, 25ರ ರಾತ್ರಿ ತುರ್ತು ಪರಿಸ್ಥಿತಿ ತಂದರು. ಪ್ರತಿಪಕ್ಷದವರು ಜೈಲು ಸೇರಿದರು, ಪತ್ರಿಕೆಗಳಿಗೆ ಸೆನ್ಸಾರು ಬಿತ್ತು. ಕಾರ್ಮಿಕ ಬಂಧುಗಳು ಒಂದನ್ನು ಮರೆಯಬಾರದು: ಆ ವರ್ಷವೇ ಕನಿಷ್ಠ ಬೋನಸ್ಸನ್ನು ಶೇಕಡಾ 8.33ರಿಂದ 4ಕ್ಕೆ ಇಳಿಸಿದರು. ಉತ್ತರ ಹಿಂದೂಸ್ಥಾನದಲ್ಲಿ ಬಡವರನ್ನು ಹಿಡಿದೆಳೆದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರು. ಪತ್ರಿಕೆಗಳ ಬಾಯಿ ಕಟ್ಟಿದ ಸರ್ಕಾರಕ್ಕೆ ಜನರ ಸಿಟ್ಟಿನ ಸುದ್ದಿಯೂ ಮುಟ್ಟಲಿಲ್ಲ. 1977ರ ಮಾರ್ಚಿನಲ್ಲಿ ರಾಯ್‌ಬರೇಲಿಯಲ್ಲಿ ಅದೇ ರಾಜನಾರಾಯಣರು 55 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಅಧಿಕಾರದಲ್ಲಿದ್ದ ಪ್ರಧಾನಿ ತಮ್ಮ ಕ್ಷೇತ್ರದಲ್ಲೇ ಸೋತದ್ದು ಅದೊಂದೇ ಸಲ. ನಮ್ಮ ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನಗಳನ್ನು ಅವರ ಪಕ್ಷಕ್ಕೇ ಕೊಟ್ಟಿತು, ಸಂಕೋಚದಿಂದಾದರೂ ಒಪ್ಪಿಕೊಳ್ಳಬೇಕು.

ಹಾಗೆ ಬಂದ ಜನತಾ ಸರ್ಕಾರ ಬೋನಸ್ಸನ್ನು ಮತ್ತೆ 8.33ಕ್ಕೆ ಏರಿಸಿತು. ಅದರ ಪ್ರಧಾನಿ ಮೊರಾರ್ಜಿ ದೇಸಾಯಿಯವರನ್ನು 1979ರ ಜುಲೈಯಲ್ಲಿ ಇಳಿಸಿದವರು ಜನರಲ್ಲ, ಒಂದೇ ಪಂಕ್ತಿಯಲ್ಲಿ ಉಂಡವರು. ಸಮಾಜವಾದಿಗಳ ಕೈಯೂ ಅದರಲ್ಲಿತ್ತು. ಸದನದಲ್ಲಿ ಸರ್ಕಾರವನ್ನು ಸಮರ್ಥಿಸಿ ಮಾತಾಡಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಕೆಲವೇ ದಿನಗಳಲ್ಲಿ ಆಚೆ ನಡೆದರು. ನನಗಂತೂ ಇದು ಇಂದಿಗೂ ಗಂಟಲಲ್ಲಿ ಸಿಕ್ಕ ಮುಳ್ಳು.

ಮುಂದಿನದು ವ್ಯಾಪಾರಿ ಮಿತ್ರರಿಗೆ ಬೇಗ ತಿಳಿಯುತ್ತದೆ. ಸಾಲದ ಮಾಲಿನ ಮೇಲೆ ಅಂಗಡಿ ಇಟ್ಟವನ ಬೀಗದ ಕೈ ಸಗಟು ಸಾಹುಕಾರನ ಬಳಿ ಇರುತ್ತದೆ. ಚರಣಸಿಂಗರು ಇಂದಿರಾ ಅವರ ಬೆಂಬಲದ ಮೇಲೆ ಕುಳಿತರು. 23 ದಿನಗಳಲ್ಲಿ, ಲೋಕಸಭೆಯನ್ನು ಒಮ್ಮೆಯೂ ಎದುರಿಸದೆ ರಾಜೀನಾಮೆ ಕೊಟ್ಟರು. ನಮ್ಮ ದೇವೇಗೌಡರದೂ ಅದೇ ಅಂಗಡಿ. 1997ರ ಮಾರ್ಚಿ 30ರಂದು ಕಾಂಗ್ರೆಸ್ಸು ಬೆಂಬಲ ಹಿಂತೆಗೆದುಕೊಂಡಿತು. ಏಪ್ರಿಲ್ 11ರಂದು ಅವರ ಪರ 158, ವಿರುದ್ಧ 292. ಅಕ್ಕಿಯ ಬೆಲೆಗಾಗಲಿ ಕೂಲಿಗಾಗಲಿ ಆ ಮತಗಳು ಬಿದ್ದದ್ದಲ್ಲ.

1999ರ ಏಪ್ರಿಲ್ 17ರಂದು ವಾಜಪೇಯಿಯವರು 269ಕ್ಕೆ 270ರಂತೆ, ಒಂದೇ ಮತದಿಂದ ಸೋತರು. ಅದೇ ವರ್ಷ ಜನರ ಬಳಿಗೆ ಹೋಗಿ ಮರಳಿ ಗೆದ್ದು ಬಂದರು. ಜನರು ಅವರನ್ನು ಇಳಿಸಿದ್ದು 2004ರಲ್ಲಿ.