ಬಿಲ್ಲು ಓದಿ, ಆಮೇಲೆ ದುಡ್ಡು ಕೊಡಿ

ಇವತ್ತು ರಾಜಕೀಯ ಬೇಡ, ಊಟದ ವಿಷಯ ಮಾತಾಡೋಣ.

ಹೋದ ಭಾನುವಾರ ಅಮ್ಮನನ್ನೂ ಹೆಂಡತಿಯನ್ನೂ ಕರ್ಕೊಂಡು ಬೆಂಗಳೂರಿನ ಒಂದು ಎಸಿ ರೆಸ್ಟೋರೆಂಟಿಗೆ ಹೋಗಿದ್ದೆ. ಊಟ ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ. ಬಡಿಸಿದ ಹುಡುಗ ಕೇಳದೆನೇ ಅಮ್ಮನಿಗೆ ಬಿಸಿನೀರು ತಂದುಕೊಟ್ಟ. "ಖಾರ ಜಾಸ್ತಿ ಆಯ್ತಾ ಅಮ್ಮಾ?" ಅಂತ ವಿಚಾರಿಸಿದ.

ಆಮೇಲೆ ಬಿಲ್ಲು ಬಂತು. ಊಟಕ್ಕೆ 1,240 ರೂಪಾಯಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 10 ಪರ್ಸೆಂಟ್ ಸರ್ವಿಸ್ ಚಾರ್ಜ್, 124 ರೂಪಾಯಿ. ಎರಡನ್ನೂ ಕೂಡಿಸಿ, ಅದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ. ಒಟ್ಟು 1,432. ಅಂದ್ರೆ ಸರ್ವಿಸ್ ಚಾರ್ಜಿಗೂ ನಾನೇ ತೆರಿಗೆ ಕಟ್ಟಬೇಕು!

ತಮಾಷೆ ಇರೋದು ಮುಂದೆ. ಮನೆಯಲ್ಲಿದ್ದ ಅಪ್ಪನಿಗೆ ಒಂದು ಬಿರಿಯಾನಿ ಪಾರ್ಸೆಲ್ ಹೇಳಿದ್ದೆ. ಅದರ ಬಿಲ್ಲು ಬೇರೆ. ಅದರಲ್ಲೂ ಸರ್ವಿಸ್ ಚಾರ್ಜ್! ಜೊತೆಗೆ ಡಬ್ಬಿಯ ದುಡ್ಡು. ಸ್ವಾಮಿ, ಪಾರ್ಸೆಲ್ ಊಟಕ್ಕೆ ಯಾವ ಸರ್ವಿಸ್? ಅಪ್ಪನಿಗೆ ಮನೆಯಲ್ಲಿ ಬಡಿಸೋದು ನಮ್ಮಮ್ಮ!

ಮ್ಯಾನೇಜರನ್ನು ಕೇಳಿದೆ. "ಮೆನುವಿನಲ್ಲೇ ಹಾಕಿದೀವಿ ಸರ್" ಅಂದ್ರು. ತೆಗೀರಿ ಅಂದೆ. ಎರಡೇ ನಿಮಿಷ, ಹೊಸ ಬಿಲ್ಲು ಬಂತು, 1,302 ರೂಪಾಯಿ. ಪಾರ್ಸೆಲ್ ಬಿಲ್ಲೂ ಇಳೀತು. ನನ್ನ ಮುಖ ಟಿವಿಯಲ್ಲಿ ನೋಡಿದ್ದಾರೆ, ತೆಗೆದ್ರು. ಪಕ್ಕದ ಟೇಬಲ್ಲಿನವರಿಗೆ ತೆಗೀತಿದ್ರಾ? ನನ್ನ ಪ್ರಶ್ನೆ ಅದು.

ಕಾನೂನು ಏನು ಹೇಳುತ್ತೆ ನೋಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಯಾವ ಹೋಟೆಲೂ ಸರ್ವಿಸ್ ಚಾರ್ಜನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆ ಹೆಸರಿಟ್ಟೂ ವಸೂಲಿ ಮಾಡುವಂತಿಲ್ಲ. ಹೋಟೆಲ್ ಮಾಲೀಕರ ಸಂಘಗಳು ಕೋರ್ಟಿಗೆ ಹೋದವು, ತಡೆಯಾಜ್ಞೆಯೂ ಸಿಕ್ಕಿತು. ಕೊನೆಗೆ 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತೆ, ಅದನ್ನು ಕೊಡಲೇಬೇಕು. ಸರ್ವಿಸ್ ಚಾರ್ಜ್ ಹೋಗೋದು ಹೋಟೆಲಿನ ಗಲ್ಲಾಪೆಟ್ಟಿಗೆಗೆ. ಕೊಡೋದು ಬಿಡೋದು ನಿಮ್ಮಿಷ್ಟ.

ಹೋಟೆಲ್ ನಡೆಸೋದು ಕಷ್ಟ, ಒಪ್ಪುತ್ತೀನಿ. ಬಾಡಿಗೆ, ಗ್ಯಾಸು, ಸಂಬಳ ಎಲ್ಲಾ ಏರಿದೆ. ಹಾಗಿದ್ರೆ ಬೆಲೆ ಏರಿಸಿ, ಬೋರ್ಡ್ ಮೇಲೆ ಬರೀರಿ. ಡಬ್ಬಿಗೆ ದುಡ್ಡು ಬೇಕಾದ್ರೆ ಮೊದಲೇ ಹೇಳಿ. 1983ರಲ್ಲಿ ಜಯನಗರದಲ್ಲಿ ಶುರುವಾದ ದರ್ಶಿನಿ ಪದ್ಧತಿ ನೋಡಿ. ಬೆಲೆ ಗೋಡೆ ಮೇಲೆ, ದುಡ್ಡು ಮೊದಲು, ನಿಂತು ತಿಂದು ಕಾಫಿ ಕುಡಿದು ಹೊರಟರೆ ಆಯ್ತು. ಅಲ್ಲಿ ಕೊನೇ ಗಳಿಗೆಯ ಶಾಕ್ ಇಲ್ಲ.

ಈಗ ಅಮ್ಮನ ಮಾತು ಕೇಳಿ. ಹೊರಗೆ ಬಂದ ತಕ್ಷಣ ಬೈದ್ರು: "ಪಾಪ, ಆ ಹುಡುಗನ ದುಡ್ಡು ಕಿತ್ಕೊಂಡ್ಯಲ್ಲೋ!" ಮನಸ್ಸಿಗೆ ಚುಚ್ಚಿತು. ವಾಪಸ್ ಹೋಗಿ ಆ ಹುಡುಗನನ್ನೇ ಕೇಳಿದೆ. ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಹೇಳಿದ: "ಅದ್ರಲ್ಲಿ ನಮಗೆಷ್ಟು ಅಂತ ಯಾರೂ ಹೇಳಲ್ಲ ಸಾರ್. ಸಂಬಳ ಬರುತ್ತೆ, ಅಷ್ಟೇ." ಅವನ ಹೆಸರಿನಲ್ಲಿ ವಸೂಲಿ, ಅವನಿಗೇ ಲೆಕ್ಕ ಗೊತ್ತಿಲ್ಲ! ನೂರರ ನೋಟು ಅವನ ಕೈಗಿಟ್ಟು ಬಂದೆ.

ಮನೆಗೆ ಬಂದು ಪಾರ್ಸೆಲ್ ಬಿಚ್ಚಿದ್ರೆ ಬಿರಿಯಾನಿ ಜೊತೆಗಿನ ರಾಯಿತಾನೇ ಇರಲಿಲ್ಲ. ಅಪ್ಪ ಮನೆಯ ಮೊಸರು ಹಾಕ್ಕೊಂಡು ಊಟ ಮಾಡಿದ್ರು.

ಆದ್ದರಿಂದ ಕೈ ಮುಗಿದು ಕೇಳ್ತೀನಿ. ಬಿಲ್ಲು ಓದಿ. ಪಾರ್ಸೆಲ್ ಆದ್ರೆ ಕೌಂಟರಿನಲ್ಲೇ ಬಿಚ್ಚಿ ನೋಡಿ. ಸರ್ವಿಸ್ ಚಾರ್ಜ್ ಇದ್ರೆ ತೆಗೀರಿ ಅನ್ನಿ, ಜಗಳ ಬೇಡ, ನಾಚಿಕೆಯೂ ಬೇಡ. ತೆಗೆಯಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಹಾಗೇ, ಪ್ರೀತಿಯಿಂದ ಬಡಿಸಿದವರಿಗೆ ನಾಲ್ಕು ಕಾಸು ಕೈಯಲ್ಲೇ ಕೊಡಿ.

ಯೋಚನೆ ಮಾಡಿ.