ಕಡಲ ನಡುವಿನ ಮೈನಾಕ



ಸಮುದ್ರಲಂಘನದ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಹನುಮಂತನು ಲಂಕೆಯತ್ತ ಹಾರುತ್ತಿದ್ದಾಗ ಮೈನಾಕ ಪರ್ವತವು ನೀರಿನಿಂದ ಮೇಲೆದ್ದು, ತನ್ನ ಮೇಲೆ ಕ್ಷಣಕಾಲ ವಿಶ್ರಮಿಸಬೇಕೆಂದು ಬೇಡಿಕೊಂಡಿತು. ಹನುಮಂತನು ಇಳಿಯಲಿಲ್ಲ, ಕೈಯಿಂದ ಸ್ಪರ್ಶಿಸಿ ಮುಂದೆ ಸಾಗಿದನು. ಇಂದಿನ ಕಡಲುಗಳಲ್ಲಿಯೂ ಇಂಥ ಮೈನಾಕಗಳುಂಟು. ಆಪತ್ತಿನಲ್ಲಿರುವವರನ್ನು ಹಗ್ಗದಿಂದ ಮೇಲೆತ್ತುವ ಹೆಲಿಕಾಪ್ಟರುಗಳಿಗೆ ನಡುಗಡಲಿನಲ್ಲಿ ಇಂಧನವೂಡುವ ಹಡಗುಗಳೇ ಅವು.

ಹೆಲಿಕಾಪ್ಟರಿಗೆ ಹದವಾದ ವೇಗದಲ್ಲಿ ಹಾರುವುದಕ್ಕಿಂತ ಅಂತರಿಕ್ಷದಲ್ಲಿ ಒಂದೆಡೆ ನಿಲ್ಲುವುದೇ ಹೆಚ್ಚು ಶ್ರಮದ ಕೆಲಸ. ರಕ್ಷಣಾಕಾರ್ಯವಾದರೋ ಬಹುಮಟ್ಟಿಗೆ ಹೀಗೆ ನಿಲ್ಲುವುದೇ ಆಗಿದೆ. ಹೋಗುವುದಕ್ಕಿಷ್ಟು, ನಿಲ್ಲುವುದಕ್ಕಿಷ್ಟು, ಮರಳುವುದಕ್ಕಿಷ್ಟು ಎಂದು ಇಂಧನವನ್ನು ಹಂಚಿಕೊಳ್ಳಬೇಕು. ದಡವು ದೂರವಾದಷ್ಟೂ ನಡುವಣ ಪಾಲು ಕುಗ್ಗುತ್ತದೆ; ಆ ಪಾಲಿನಲ್ಲಿಯೇ ನೀರಿನಲ್ಲಿರುವವನ ಪ್ರಾಣವಿದೆ.

ಹಡಗಿನ ಮೇಲೆ ಇಳಿದು ತುಂಬಿಸಿಕೊಳ್ಳಬಾರದೆ ಎಂದು ಕೇಳಬಹುದು. ಶಾಂತ ಸಮುದ್ರದಲ್ಲಿ ಹಾಗೆಯೇ ಮಾಡುತ್ತಾರೆ. ಆದರೆ ಅಲೆಗಳೆದ್ದಾಗ ಡೆಕ್ಕು ಏರುತ್ತದೆ, ಕುಸಿಯುತ್ತದೆ, ಓರೆಯಾಗುತ್ತದೆ. ಆಗ ಮೈನಾಕನ ಮಾರ್ಗವೊಂದೇ ಉಳಿಯುವುದು: ಇಳಿಯದೆ ಸ್ಪರ್ಶಿಸುವುದು.

ಹಡಗು ಗಾಳಿಗೆ ತಕ್ಕಂತೆ ದಿಕ್ಕು ಹಿಡಿದು ಸಾಗುತ್ತದೆ. ಹೆಲಿಕಾಪ್ಟರು ಅದರ ಮೇಲೆ ಬಂದು ಉಕ್ಕಿನ ಹಗ್ಗದ ಕೊಕ್ಕೆಯನ್ನು ಇಳಿಬಿಡುತ್ತದೆ. ತಿರುಗುವ ರೆಕ್ಕೆಗಳಿಂದ ಹೆಲಿಕಾಪ್ಟರಿನ ಮೈಯಲ್ಲಿ ವಿದ್ಯುತ್ತು ಸಂಚಯವಾಗಿರುವುದರಿಂದ, ಡೆಕ್ಕಿನವರು ಮೊದಲು ಅದನ್ನು ಲೋಹದ ಕೋಲಿನಿಂದ ಹರಿಯಿಸಿ, ಬಳಿಕವೇ ಕೊಕ್ಕೆಯನ್ನು ಮುಟ್ಟುತ್ತಾರೆ. ಇಂಧನದ ಕೊಳವೆಯನ್ನು ಕೊಕ್ಕೆಗೆ ಸಿಕ್ಕಿಸಿದರೆ ಅದು ಮೇಲೇರುತ್ತದೆ. ಅನಂತರ ಹೆಲಿಕಾಪ್ಟರು ಸಾಮಾನ್ಯವಾಗಿ ಹಡಗಿನ ಎಡಪಕ್ಕಕ್ಕೆ ಸರಿದು ಜೊತೆಜೊತೆಗೆ ಸಾಗುತ್ತದೆ. ಬಲಗಡೆ ಕುಳಿತ ಚಾಲಕನಿಗೆ ಹಡಗು ಕಾಣುತ್ತಿರಬೇಕಷ್ಟೆ. ಹಡಗಿನ ಪ್ರತಿಯೊಂದು ಹೊಯ್ದಾಟವನ್ನೂ ಅವನು ಅನುಕರಿಸಕೂಡದು, ಅನುಕರಿಸಿದರೆ ಕೆಟ್ಟ. ಕೊಳವೆಯನ್ನು ಅಲೆ ಬಲವಾಗಿ ಸೆಳೆದರೆ ನಡುವಣ ಜೋಡಣೆ ತಾನಾಗಿ ಕಳಚಿಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ವಿಚಿತ್ರವೆಂದರೆ, ಕಡಲನ್ನು ಕೆರಳಿಸಿದ ಗಾಳಿಯೇ ಎದುರಿನಿಂದ ಬೀಸಿ ಹೆಲಿಕಾಪ್ಟರಿನ ಶ್ರಮವನ್ನು ಕೊಂಚ ತಗ್ಗಿಸುತ್ತದೆ.

ಇಂಧನ ದೊರೆಯದಿದ್ದರೆ ಏನಾಗುವುದೆಂಬುದಕ್ಕೆ ಅಟ್ಲಾಂಟಿಕ್ ಸಾಗರದ ಒಂದು ದೃಷ್ಟಾಂತವಿದೆ. 1991ರ ಅಕ್ಟೋಬರ್ 30ರಂದು, ನ್ಯೂಯಾರ್ಕ್ ರಾಜ್ಯದ ವಾಯುದಳದ ಹೆಲಿಕಾಪ್ಟರೊಂದು ಒಂಟಿ ನಾವಿಕನೊಬ್ಬನ ನೆರವಿಗೆಂದು ಮಹಾ ಚಂಡಮಾರುತದೊಳಕ್ಕೆ ಹೋಯಿತು. ಅಲೆಗಳ ದೆಸೆಯಿಂದ ಅವನನ್ನು ಎತ್ತಲಾಗಲಿಲ್ಲ. ಮರಳುವ ದಾರಿಯಲ್ಲಿ ಅದಕ್ಕೆ ಇಂಧನ ಕೊಡಬೇಕಾಗಿದ್ದುದು ಹಡಗಲ್ಲ, ಕೊಳವೆಯನ್ನು ಹಿಂದೆ ಇಳಿಬಿಟ್ಟ ಒಂದು ವಿಮಾನ. ಗಾಳಿಯಲ್ಲಿ ತುಯ್ದಾಡುತ್ತಿದ್ದ ಆ ಕೊಳವೆಯ ಬಾಯನ್ನು ಚಾಲಕನು ಮತ್ತೆ ಮತ್ತೆ ಯತ್ನಿಸಿದರೂ ಸೇರಲಾಗಲಿಲ್ಲ. ಇಂಧನ ತೀರಿತು, ಐವರು ಕತ್ತಲ ಕಡಲಿಗೆ ಬಿದ್ದರು. ಅವರನ್ನು ಹುಡುಕಿ ಬಂದದ್ದು ಕರಾವಳಿ ರಕ್ಷಣಾ ಪಡೆಯ ‘ಟಮರೋವಾ’ ಎಂಬ ಹಳೆಯ ಹಡಗು. ಹಿಂದೆ ಬೇರೆ ಹೆಸರಿನಿಂದ 1945ರ ಇವೋಜಿಮಾ ಕದನವನ್ನು ಕಂಡಿದ್ದುದು. ಅದರ ನಾವಿಕರು ಪಕ್ಕದಲ್ಲಿ ಬಲೆಯನ್ನು ಇಳಿಬಿಟ್ಟು ನಾಲ್ವರನ್ನು ಮೇಲಕ್ಕೆಳೆದುಕೊಂಡರು. ಐದನೆಯವನು ದೊರೆಯಲಿಲ್ಲ.

ರಕ್ಷಿಸಲು ಹೊರಟವನಿಗೂ ರಕ್ಷಣೆ ಬೇಕೆಂಬುದನ್ನು ನಾವು ಮರೆಯುತ್ತೇವೆ. ಹಗ್ಗದಲ್ಲಿ ತೂಗುವ ವೀರನ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ, ಬರಲಿ. ಆದರೆ ಉಪ್ಪುನೀರಿನಲ್ಲಿ ತೋಯುತ್ತ ಕೊಳವೆ ಹಿಡಿದು ನಿಂತವನನ್ನು ಯಾರು ಕಂಡರು? ಮೈನಾಕನ ಹೆಸರನ್ನಾದರೂ ಕವಿ ಉಳಿಸಿದ್ದಾನೆ.